ಮೊದಲ ಶುಗರ್ ಟೆಸ್ಟಲ್ಲಿ 152 ಬಂತು, ಈಗ ಮೂರು ಗಂಟೆಯ ಟೆಸ್ಟ್ ಅಂತೆ

ಇಪ್ಪತ್ತಾರನೇ ವಾರ:
ಮೊನ್ನೆ ಗರ್ಭಿಣಿಯರಿಗೆ ಮಾಡುವ ಆ ಸಿಹಿ ನೀರಿನ ಟೆಸ್ಟ್ ಆಯಿತು. 50 ಗ್ರಾಂ ಗ್ಲೂಕೋಸ್ ಕುಡಿಸಿ, ಒಂದು ಗಂಟೆ ಬಿಟ್ಟು ರಕ್ತ ತೆಗೆದರು. 152 ಬಂದಿದೆ, 140ರ ಒಳಗಿರಬೇಕಿತ್ತಂತೆ. ಈಗ ಖಾಲಿ ಹೊಟ್ಟೆಯಲ್ಲಿ ಬನ್ನಿ, 100 ಗ್ರಾಂ ಕುಡಿದು ಮೂರು ಗಂಟೆ ಕೂರಬೇಕು ಅಂದಿದ್ದಾರೆ. ನಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ, ನಾನು ದಪ್ಪನೂ ಇಲ್ಲ. ರಿಪೋರ್ಟ್ ನೋಡಿದಾಗಿನಿಂದ ಸಿಹಿ ಮುಟ್ಟಿಲ್ಲ, ಊಟವನ್ನೂ ಅರ್ಧಕ್ಕೆ ಇಳಿಸಿದ್ದೇನೆ. ಹೀಗೇ ಇದ್ದರೆ ಎರಡನೇ ಟೆಸ್ಟಲ್ಲಿ ಪಾಸ್ ಆಗುತ್ತೇನಾ?

ಲ್ಯಾಬ್ ಕೆಲಸದವಳು:
ಅಯ್ಯೋ, ಮೊದಲು ಹೊಟ್ಟೆ ತುಂಬ ಊಟ ಮಾಡಿ! ಟೆಸ್ಟಿಗೆ ಮುಂಚಿನ ದಿನಗಳಲ್ಲಿ ಊಟ ತೀರಾ ಕಡಿಮೆ ಮಾಡಿಬಿಟ್ಟರೆ ದೇಹ ಅದಕ್ಕೇ ಒಗ್ಗಿಕೊಳ್ಳುತ್ತದೆ, ಆಮೇಲೆ ಒಮ್ಮೆಗೇ 100 ಗ್ರಾಂ ಸಕ್ಕರೆ ಒಳಗೆ ಹೋದಾಗ ತಡೆಯಲಾಗದೆ ನಂಬರ್ ಇನ್ನೂ ಮೇಲೆ ಹೋಗಬಹುದು. ನೀವು ಮಾಡುತ್ತಿರುವುದು ಪೂರಾ ಉಲ್ಟಾ.

ಮೊದಲನೆಯದು ಬರೀ ಜರಡಿ ಹಿಡಿದ ಹಾಗೆ. ಅದರಲ್ಲಿ ಸಿಕ್ಕಿಕೊಂಡವರಲ್ಲಿ ಜಾಸ್ತಿ ಜನರಿಗೆ ಎರಡನೆಯದರಲ್ಲಿ ಏನೂ ಇರುವುದಿಲ್ಲ. ಇದರಲ್ಲಿ ನಾಲ್ಕು ಸಲ ರಕ್ತ ತೆಗೆಯುತ್ತಾರೆ. ಸಾಮಾನ್ಯವಾಗಿ ನೋಡುವ ಗಡಿ ಇದು: ಖಾಲಿ ಹೊಟ್ಟೆಗೆ 95, ಒಂದು ಗಂಟೆಗೆ 180, ಎರಡಕ್ಕೆ 155, ಮೂರಕ್ಕೆ 140. ಎರಡು ಕಡೆ ಗಡಿ ಮುಟ್ಟಿದರೆ ಗರ್ಭಿಣಿ ಶುಗರ್ ಅನ್ನುತ್ತಾರೆ. ಕೆಲವು ಕಡೆ 75 ಗ್ರಾಂನ ಬೇರೆ ಟೆಸ್ಟ್ ಮಾಡುತ್ತಾರೆ, ಅದರ ಲೆಕ್ಕ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ.

ಹಿಂದಿನ ರಾತ್ರಿಯಿಂದ ಕನಿಷ್ಠ 8 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಗ್ಲೂಕೋಸ್ ನೀರನ್ನು ಐದು ನಿಮಿಷದಲ್ಲಿ ಮುಗಿಸಬೇಕು. ತಣ್ಣಗಿದ್ದರೆ ಸ್ವಲ್ಪ ಸುಲಭವಾಗಿ ಇಳಿಯುತ್ತದೆ. ವಾಂತಿಯಾದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಮಾಡಬೇಕಾಗುತ್ತದೆ.

ಎರಡು ಮಕ್ಕಳ ಅಮ್ಮ:
ನಾನೂ ಸಣ್ಣಗೇ ಇದ್ದೆ ಕಣ್ರೀ, ಆದರೂ ನನಗೆ ಬಂತು. ಮಾಸು ಬಿಡುವ ಹಾರ್ಮೋನುಗಳಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ, ಅದು ಜೋರಾಗುವುದೇ 24ರಿಂದ 28 ವಾರದ ಹೊತ್ತಿಗೆ, ಅದಕ್ಕೇ ಆಗ ಟೆಸ್ಟ್. ನೀವು ತಿಂದಿದ್ದಕ್ಕೇ ಬಂತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, ನನಗಂತೂ ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಿದ್ದರು.

ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡುತ್ತಿದ್ದೆ. ಬೆರಳಿನ ತುದಿಗೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಊಟ ಆದಮೇಲೆ ಕಾಲು ಗಂಟೆ ನಡೆದರೆ ನಂಬರ್ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ರಾತ್ರಿಯದು ಮಾತ್ರ ಬಗ್ಗಲಿಲ್ಲ, ಕೊನೆಗೆ ಇನ್ಸುಲಿನ್ ತಗೊಂಡೆ. ಸುಮ್ನೆ ಬಿಟ್ಟರೆ ಮಗು ತೀರಾ ದಪ್ಪ ಆಗಬಹುದು, ಹುಟ್ಟಿದ ಮೇಲೆ ಅದರ ಶುಗರ್ ಕುಸಿಯಲೂಬಹುದು.

ಇಪ್ಪತ್ತಾರನೇ ವಾರ:
ಊಟ ಮಾಡಿ ಬಂದೆ, ನಿಜವಾಗಿ! ಆ ಮೂರು ಗಂಟೆ ಹೊರಗೆ ಒಂದು ಸುತ್ತು ಹಾಕಿ ಬರಬಹುದಾ? ಹೆರಿಗೆ ಆದಮೇಲೂ ಇದು ಉಳಿಯುತ್ತಾ?

ಲ್ಯಾಬ್ ಕೆಲಸದವಳು:
ಬೇಡ, ಕೂತಲ್ಲೇ ಇರಿ. ನಡೆದರೆ ನಂಬರ್ ಕೆಳಗಿಳಿದು ಸುಳ್ಳು ರಿಪೋರ್ಟ್ ಬರುತ್ತದೆ.

ಎರಡು ಮಕ್ಕಳ ಅಮ್ಮ:
ನನಗೆ ಹೆರಿಗೆಯ ಜೊತೆಗೇ ಹೋಯಿತು, ಸಾಮಾನ್ಯವಾಗಿ ಹಾಗೇ ಆಗುತ್ತದೆ. ಆದರೆ ಬಂದಿದ್ದವರು 4ರಿಂದ 12 ವಾರದೊಳಗೆ ಇನ್ನೊಂದು ಸಲ ಟೆಸ್ಟ್ ಮಾಡಿಸಬೇಕು. ನಾನು ಮಗುವಿನ ಗಲಾಟೆಯಲ್ಲಿ ಮರೆತೇ ಬಿಟ್ಟಿದ್ದೆ, ಐದು ತಿಂಗಳಾದ ಮೇಲೆ ನೆನಪಾಯಿತು. ಟೆಸ್ಟಿಗೆ ಹೋಗುವಾಗ ತಿನ್ನೋಕೆ ಏನಾದರೂ ಬ್ಯಾಗಲ್ಲಿ ಇಟ್ಟುಕೊಳ್ಳಿ, ನಾಲ್ಕನೇ ಸೂಜಿ ಆದ ಕೂಡಲೇ ಬೇಕಾಗುತ್ತದೆ.