ಮನೆಯೊಳಗೆ ವ್ಯಾಯಾಮ: ಶೂ ಬೇಕಾ, ಬರಿಗಾಲು ಸಾಕಾ?

ಪ್ರಶ್ನೆ (ಕಾರವಾರ): ಡಾಕ್ಟ್ರೇ, ಮಳೆಗಾಲ ಶುರುವಾದ ಮೇಲೆ ಬೀಚ್ ವಾಕಿಂಗ್ ಬಂದ್ ಆಗಿದೆ. ಹಾಲ್‌ನಲ್ಲೇ ಮೊಬೈಲ್ ಇಟ್ಟುಕೊಂಡು 40 ನಿಮಿಷ ವ್ಯಾಯಾಮ ಮಾಡ್ತೇನೆ. ಸ್ಕ್ವಾಟ್, ಲಂಜ್, ಪ್ಲ್ಯಾಂಕ್, ಕೊನೆಗೆ 10 ನಿಮಿಷ ಜಂಪಿಂಗ್ ಜ್ಯಾಕ್, ಸ್ಕಿಪ್ಪಿಂಗ್. ನೆಲ ವಿಟ್ರಿಫೈಡ್ ಟೈಲ್ಸ್. ವಿಡಿಯೋದವರೆಲ್ಲ ಶೂ ಹಾಕಿರ್ತಾರೆ. ನಮ್ಮಲ್ಲಿ ಹಾಲ್ ಪಕ್ಕದಲ್ಲೇ ದೇವರ ಕೋಣೆ, ಶೂ ಹಾಕಿದ್ರೆ ಅತ್ತೆ ಸುಮ್ಮನೆ ಬಿಡೂದಿಲ್ಲ. ಬರಿಗಾಲಲ್ಲೇ ಮಾಡಿದ್ರೆ ತೊಂದ್ರೆ ಉಂಟಾ? ಎರಡು ವಾರದಿಂದ ಎರಡೂ ಮೀನಖಂಡ ಬಿಗಿಯಾಗಿದೆ.

ಉತ್ತರ (ಫಿಸಿಯೋಥೆರಪಿಸ್ಟ್, ಶಿರಸಿ): ಪಾದ ನೆಲ ಬಿಡದ ಆ 30 ನಿಮಿಷಕ್ಕೆ ಶೂ ಬೇಡ. ಹಾರುವ 10 ನಿಮಿಷಕ್ಕೆ ಬೇಕು. ವಿಡಿಯೋದವರು ಇಡೀ ಹೊತ್ತು ಶೂ ಹಾಕಿರ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರ ನೆಲ ಬೇರೆ, ಮೇಲಾಗಿ ಶೂ ಮಾರುವುದೂ ಕೆಲವರ ಕಸುಬು.

ಸ್ಕ್ವಾಟ್‌ಗೆ ರನ್ನಿಂಗ್ ಶೂ ಹಾಕಿದರೆ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ. ಅದರ ಹಿಮ್ಮಡಿ ಸಾಮಾನ್ಯವಾಗಿ ಮುಂಗಾಲಿಗಿಂತ 8ರಿಂದ 12 ಮಿಲಿಮೀಟರ್ ಎತ್ತರ, ಒಳಗೆ ಮೆತ್ತನೆ ಫೋಮ್. ಮೈಭಾರ ಬಿದ್ದಾಗ ಫೋಮ್ ಒಂದು ಬದಿಗೆ ಕುಸಿದು ಪಾದ ಒಳಕ್ಕೆ ಮಗುಚುತ್ತದೆ, ಅದರ ಹಿಂದೆ ಮಂಡಿಯೂ ಒಳಕ್ಕೆ ಹೋಗುತ್ತದೆ. ಬರಿಗಾಲಲ್ಲಾದರೆ ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಈ ಮೂರೂ ನೆಲಕ್ಕೆ ಊರಿವೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಕೂರುವಾಗ ಹಿಮ್ಮಡಿ ಏಳುತ್ತಿದ್ದರೆ ಕಣಕಾಲಿನ ಗಂಟು ಬಿಗಿ ಎಂದರ್ಥ. ಪರೀಕ್ಷೆ ಹೀಗೆ: ಗೋಡೆಗೆ ಮುಖ ಮಾಡಿ ನಿಂತು, ಹೆಬ್ಬೆರಳ ತುದಿಯನ್ನು ಗೋಡೆಯಿಂದ 10 ಸೆಂಟಿಮೀಟರ್ ದೂರ ಇಡಿ. ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ಮುಟ್ಟಿದರೆ ಅಡ್ಡಿಲ್ಲ. ಮುಟ್ಟದಿದ್ದರೆ ಸದ್ಯಕ್ಕೆ ಹಿಮ್ಮಡಿ ಕೆಳಗೆ 1-2 ಸೆಂಟಿಮೀಟರ್ ದಪ್ಪದ, ಅಲ್ಲಾಡದ ಹಲಗೆ ಇಟ್ಟು ಸ್ಕ್ವಾಟ್ ಮಾಡಿ. ಇದೇ ಗೋಡೆ ಪರೀಕ್ಷೆಯನ್ನು ದಿನಾ ಒಂದೊಂದು ಕಾಲಿಗೆ 15 ಸಲ ಮಾಡಿದರೆ ಅದೇ ವ್ಯಾಯಾಮ.

ಇನ್ನು ನಿಮ್ಮ ಮೀನಖಂಡ. ಶೂ ಇಲ್ಲದೆ ಹಾರುವಾಗ ಮುಂಗಾಲಲ್ಲಿ ಇಳಿಯುತ್ತೀರಿ, ಎತ್ತರದ ಹಿಮ್ಮಡಿಯ ಆಸರೆಯೂ ಇಲ್ಲ. ಹಾಗಾಗಿ ಪ್ರತಿ ಹಾರಿಕೆಯ ಭಾರವನ್ನು ಮೀನಖಂಡ ಮತ್ತು ಹಿಮ್ಮಡಿ ಮೇಲಿನ ನರದಂಥ ದಪ್ಪ ಪಟ್ಟಿ ಹೊರಬೇಕು. ಅಭ್ಯಾಸ ಇಲ್ಲದವರು ಟೈಲ್ಸ್ ಮೇಲೆ ಒಮ್ಮೆಗೇ 10 ನಿಮಿಷ ಹಾರಿದರೆ ಬಿಗಿ ಹಿಡಿಯದೆ ಇರುವುದೇ ಅಪರೂಪ. ಎರಡೂ ಕಾಲಿಗೆ ಸಮನಾಗಿ ಬಂದು ಎರಡು ದಿನದಲ್ಲಿ ಇಳಿಯುವ ನೋವಿಗೆ ಹೆದರಬೇಡಿ. ಪಾದದ ಮೇಲ್ಭಾಗದಲ್ಲಿ ಒಂದೇ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವು, ಬಾವು ಇದ್ದರೆ ಎಲುಬಿನಲ್ಲಿ ಕೂದಲೆಳೆ ಬಿರುಕು ಇರಬಹುದು, ಹಾರುವುದು ನಿಲ್ಲಿಸಿ ತೋರಿಸಿ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ವ್ಯಾಯಾಮದ ನೋವು ಎಂದು ಮನೆಯಲ್ಲಿ ಕೂರಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಒಂದು ವಾರ ಹಾರುವುದಕ್ಕೆ ರಜೆ ಕೊಡಿ. ಆಮೇಲೆ ಶೂ ಹಾಕಿ 30 ಸೆಕೆಂಡ್ ಸ್ಕಿಪ್ಪಿಂಗ್, 30 ಸೆಕೆಂಡ್ ವಿಶ್ರಾಂತಿ, ಹೀಗೆ 6 ಸುತ್ತು, ದಿನ ಬಿಟ್ಟು ದಿನ. ಹಗ್ಗ ದಾಟಲು ಕಾಲು 1-2 ಸೆಂಟಿಮೀಟರ್ ಎದ್ದರೆ ಸಾಕು. ಅತ್ತೆಯವರಿಗೆ ಹೇಳಿ: ಹೊಸ ಜೋಡಿ, ಹೊಸ್ತಿಲು ದಾಟದ್ದು, ಚಾಪೆಯಿಂದ ಕೆಳಗೆ ಇಳಿಯದ್ದು. ಅದಕ್ಕೂ ಒಪ್ಪದಿದ್ದರೆ ಜಗಳ ಬೇಡ, ಹಾರುವುದನ್ನೇ ಬಿಡಿ. ಮೆಟ್ಟಿಲ ಮೇಲೆ 10 ನಿಮಿಷ ಹತ್ತಿಳಿದರೆ ಎದೆಬಡಿತ ಚೆನ್ನಾಗಿಯೇ ಏರುತ್ತದೆ, ಶೂ ಕೇಳುವುದಿಲ್ಲ.

ಪ್ರತಿಕ್ರಿಯೆ (ಜಿಮ್ ಟ್ರೇನರ್, ಕುಮಟಾ): ಇದಕ್ಕೆ ಒಂದು ಸೇರಿಸ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಬೆವರ್ತದೆ. ತಣ್ಣಗಿನ ಟೈಲ್ಸಿಗೆ ಸಮುದ್ರದ ತೇವದ ಗಾಳಿ ತಾಗಿ ಕಣ್ಣಿಗೆ ಕಾಣದಷ್ಟು ನೀರು ಕೂರ್ತದೆ. ಅಂಗೈ ಎಳೆದು ನೋಡಿ, ಗೆರೆ ಮೂಡಿದ್ರೆ ನೆಲ ಒದ್ದೆ. ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ, ಹತ್ತು ನಿಮಿಷ ಬಿಟ್ಟು ಶುರು ಮಾಡಿ. ಮೇಣ ಹಾಕಿ ಹೊಳಪು ಬರಿಸಿದ ರೆಡ್ ಆಕ್ಸೈಡ್ ನೆಲ ಇನ್ನೂ ಅಪಾಯ. ಎಲ್ಲಕ್ಕಿಂತ ಕೆಟ್ಟದ್ದು ಬರೀ ಸಾಕ್ಸ್. ಶೂ ಬೇಡ, ಬರಿಗಾಲಿಗೆ ಚಳಿ ಹೇಳಿ ಸಾಕ್ಸ್‌ನಲ್ಲಿ ಲಂಜ್ ಮಾಡಿದ್ರೆ ಮುಂದಿನ ಕಾಲು ಜಾರಿ ತೊಡೆಸಂದಿ ಹಿಡೀತದೆ.

ಶೂ ತಗೊಳ್ಳೂದಾದ್ರೆ ರನ್ನಿಂಗ್ ಶೂಗಿಂತ ಬ್ಯಾಡ್ಮಿಂಟನ್ ಶೂ ಮೇಲು. ಅಡಿ ಚಪ್ಪಟೆ, ಗಮ್ ರಬ್ಬರ್ ಟೈಲ್ಸ್ ಹಿಡೀತದೆ, ಅಕ್ಕಪಕ್ಕ ಹೆಜ್ಜೆ ಹಾಕುವಾಗ ಕಾಲು ಮಗುಚೂದಿಲ್ಲ, ನೆಲಕ್ಕೆ ಕಪ್ಪು ಗೆರೆ ಬೀಳೂದಿಲ್ಲ. ದಪ್ಪ ಫೋಮ್ ಚಾಪೆ ಮೇಲೆ ದಪ್ಪ ಶೂ ಹಾಕಿ ಹಾರಬೇಡಿ. ಮೆತ್ತನೆ ಮೇಲೆ ಮೆತ್ತನೆ ಆದ್ರೆ ಕಣಕಾಲು ಉಳುಕ್ತದೆ. ಶೂ ಇದ್ರೆ ತೆಳು ಚಾಪೆ ಸಾಕು.

ಪ್ರಶ್ನೆ (ಅಂಕೋಲಾ): ಇಷ್ಟೆಲ್ಲ ಬೇಕಾ ಮಾರಾಯ್ರೆ? ನಮ್ಮ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ತಗೊಂಡದ್ದೂ ಬರಿಗಾಲಲ್ಲೇ. ಅಬೆಬೆ ಬಿಕಿಲಾ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದೂ ಬರಿಗಾಲಲ್ಲಿ.

ಉತ್ತರ (ಫಿಸಿಯೋಥೆರಪಿಸ್ಟ್): ಎರಡೂ ನಿಜ. ಬಿಕಿಲಾ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಗೆದ್ದರು, 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಗೆದ್ದರು. ಗೆದ್ದದ್ದು ಕಾಲು, ಶೂ ಇದ್ದದ್ದಕ್ಕೂ ಅಲ್ಲ, ಇಲ್ಲದ್ದಕ್ಕೂ ಅಲ್ಲ. ಬರಿಗಾಲಲ್ಲೇ ನಡೆದು ಬೆಳೆದವರ ಅಂಗಾಲ ಚರ್ಮ ದಪ್ಪವಾಗಿರುತ್ತದೆ, ಆದರೂ ಸ್ಪರ್ಶ ಕಡಿಮೆಯಾಗುವುದಿಲ್ಲ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಕೀನ್ಯಾದವರ ಪಾದಗಳನ್ನೂ ಅಳೆದ ಅಧ್ಯಯನದಲ್ಲಿ ಕಂಡದ್ದು ಇದೇ. ಎಲ್‌ಕೆಜಿಯಿಂದ ಶೂ ಒಳಗಿದ್ದ ಕಾಲನ್ನು ಅದಕ್ಕೆ ಹೋಲಿಸಿದರೆ ಆಗುವುದಿಲ್ಲ. ಬೇಕಿದ್ದರೆ ಕಾಲನ್ನು ತಯಾರು ಮಾಡಿ. ಕುರ್ಚಿಯಲ್ಲಿ ಕೂತು, ಬೆರಳು ಮಡಚದೆ, ಮುಂಗಾಲನ್ನು ಹಿಮ್ಮಡಿ ಕಡೆಗೆ ಎಳೆಯಿರಿ. ಪಾದದ ಕಮಾನು ಏಳಬೇಕು. 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ಬೆರಳು ಮಡಚಿಕೊಂಡರೆ ಕೆಲಸ ಮಾಡುತ್ತಿರುವುದು ಬೇರೆ ಸ್ನಾಯು, ಪ್ರಯೋಜನ ಇಲ್ಲ.

ಪ್ರಶ್ನೆ (ಹೊನ್ನಾವರ): ಬೆಳಿಗ್ಗೆ ಹಾಸಿಗೆಯಿಂದ ಕಾಲಿಟ್ಟ ಕೂಡಲೇ ಹಿಮ್ಮಡಿ ಚುಚ್ತದೆ. ವ್ಯಾಯಾಮ ಬಿಡಬೇಕಾ?

ಉತ್ತರ (ಫಿಸಿಯೋಥೆರಪಿಸ್ಟ್): ಬಿಡುವುದು ಬೇಡ. ಹಾರುವುದು ಮತ್ತು ಟೈಲ್ಸ್ ಮೇಲೆ ಬರಿಗಾಲು ಎರಡನ್ನು ಮಾತ್ರ ಬಿಡಿ. ಮನೆಯೊಳಗೆ ಓಡಾಡುವುದಕ್ಕೂ ಮೆತ್ತನೆ ಚಪ್ಪಲಿ ಇರಲಿ. ಏಳುವ ಮೊದಲು ಹಾಸಿಗೆಯಲ್ಲೇ ಕಾಲಿನ ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು 10 ಎಣಿಸಿ, 10 ಸಲ. ದಿನ ಬಿಟ್ಟು ದಿನ, ಮೆಟ್ಟಿಲ ಅಂಚಿನಲ್ಲಿ ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ. ಏರಲು 3 ಸೆಕೆಂಡ್, ಮೇಲೆ 2, ಇಳಿಯಲು 3. ಕೈ ಗೋಡೆಗೆ ಇರಲಿ. 12 ಸಲದ ಮೂರು ಸುತ್ತು. ಫಲ ಕಾಣಲು ತಿಂಗಳುಗಳೇ ಬೇಕು, ವಾರದಲ್ಲಿ ಕೈಬಿಡಬೇಡಿ.

ಪ್ರಶ್ನೆ (ಕುಮಟಾ): ಆಯಿಗೆ 62 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ ತುಂಬ ವರ್ಷ ಆಯ್ತು. ಮನೆಯಲ್ಲಿ ಬರಿಗಾಲಲ್ಲೇ ವ್ಯಾಯಾಮ ಮಾಡ್ತಾರೆ.

ಉತ್ತರ (ಫಿಸಿಯೋಥೆರಪಿಸ್ಟ್): ಇದೊಂದರಲ್ಲಿ ರಾಜಿ ಇಲ್ಲ. ಅವರು ಬರಿಗಾಲಲ್ಲಿ ಮಾಡುವುದು ಬೇಡ. ಕಾಲಿಗೆ ಸ್ಪರ್ಶ ಇದೆಯೋ ಇಲ್ಲವೋ ಇವತ್ತೇ ನೋಡಿ. ಆಯಿ ಕಣ್ಣು ಮುಚ್ಚಿ ಮಲಗಲಿ. ನಿಮ್ಮ ತೋರುಬೆರಳ ತುದಿಯಿಂದ ಒಂದೊಂದು ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡ್ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ, ಒಮ್ಮೆ ಮುಟ್ಟಿದ ಜಾಗ ಮತ್ತೆ ಮುಟ್ಟಬೇಡಿ. ಗೊತ್ತಾದಾಗ ಎಡ, ಬಲ ಹೇಳಲಿ. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶ ಕುಂದಿದೆ ಎಂದೇ ಲೆಕ್ಕ, ವೈದ್ಯರಿಗೆ ತೋರಿಸಿ. ಆರೂ ಸರಿ ಬಂದರೂ ಪಾದರಕ್ಷೆ ಬೇಕೇ ಬೇಕು. ಹಿಂಪಟ್ಟಿ ಇರುವ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ನಡಿಗೆಗೆ, ಕುರ್ಚಿ ವ್ಯಾಯಾಮಕ್ಕೆ ಸಾಕು. ಶೂ ಆದರೆ ಬಿಳಿ ಹತ್ತಿ ಸಾಕ್ಸ್ ಹಾಕಲಿ, ರಕ್ತದ ಕಲೆ ಇದ್ದರೆ ಕಾಣುತ್ತದೆ. ಹಾಕುವ ಮೊದಲು ಶೂವನ್ನು ಬೋರಲು ಹಾಕಿ ಕೊಡವಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಒಳಗೆ ಕೈಯಾಡಿಸಿ. ಮಳೆಗಾಲದಲ್ಲಿ ಜರಿ, ಚೇಳು ಅಲ್ಲಿ ಸೇರುತ್ತವೆ. ಬೆರಳ ಸಂದಿ ಒರೆಸಿ ಒಣಗಿಸದಿದ್ದರೆ ಕೆಸರುಹುಣ್ಣು ಆಗುತ್ತದೆ, ಸಕ್ಕರೆ ಇರುವವರಿಗೆ ಅದೇ ದೊಡ್ಡ ಹುಣ್ಣಿಗೆ ದಾರಿ.

ಪ್ರಶ್ನೆ (ಶಿರಸಿ): ಶೂ ಒದ್ದೆಯಾದ್ರೆ ಬಚ್ಚಲ ಒಲೆ ಹತ್ರ ಇಡ್ತೇವೆ, ಅಡಿ ಬಿಟ್ಟುಕೊಳ್ತದೆ. ಹಳೇ ಬ್ಯಾಡ್ಮಿಂಟನ್ ಶೂ ಒಂದು ಮೂರು ವರ್ಷದಿಂದ ಅಟ್ಟದ ಮೇಲೆ ಡಬ್ಬಿಯಲ್ಲಿದೆ, ಅದು ಆಗ್ತದಾ?

ಪ್ರತಿಕ್ರಿಯೆ (ಜಿಮ್ ಟ್ರೇನರ್): ಒಲೆ ಬಿಸಿಗೆ ಅಂಟು ಸಡಿಲ ಆಗ್ತದೆ. ಒಳಗಿನ ಇನ್‌ಸೋಲ್ ತೆಗೆದು, ನ್ಯೂಸ್‌ಪೇಪರ್ ಉಂಡೆ ತುರುಕಿ, ಗಂಟೆಗೊಮ್ಮೆ ಬದಲಿಸಿ ಫ್ಯಾನ್ ಕೆಳಗೆ ಇಡಿ. ಅಟ್ಟದ ಜೋಡಿ ಹಾಕುವ ಮೊದಲು ಅಡಿಯ ಬದಿಯನ್ನು ಹೆಬ್ಬೆರಳ ಉಗುರಲ್ಲಿ ಒತ್ತಿ ನೋಡಿ. ಕೆಲವು ಶೂಗಳ ನಡು ಪದರ ಪಾಲಿಯುರೆಥೇನಿಂದು. ಉಪಯೋಗಿಸದೆ ಇಟ್ಟರೂ ತೇವ ಹೀರಿ ಒಳಗೊಳಗೇ ಮುರೀತದೆ, ಒಣ ರಸ್ಕಿನ ಹಾಗೆ ಪುಡಿ ಉದುರ್ತದೆ. ಹಾಗಾಗಿದ್ರೆ ಅಂಟು ಹಚ್ಚಿಯೂ ಸುಖ ಇಲ್ಲ, ಬಿಸಾಡಿ. ಉಗುರು ಒತ್ತಿದ ಗುರುತು ಹಿಂದಕ್ಕೆ ಬಂದ್ರೆ, ಮುಂಗಾಲಲ್ಲಿ ಮಡಚಿದಾಗ ಬಿರುಕು ಕಾಣದಿದ್ರೆ ಹಾಕಿ. ನಿಂತಾಗ ಬೆರಳ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು.

ಮತ್ತೆ, ಅಟ್ಟದ ಹಲಗೆ ಮೇಲೆ ಮಾತ್ರ ಸ್ಕಿಪ್ಪಿಂಗ್ ಮಾಡಬೇಡಿ. ಕೆಳಗೆ ಮಲಗಿದವರ ಮೇಲೆ ಧೂಳು ಬೀಳ್ತದೆ.