ತೆಗೆದುಹಾಕಿದ ಪಾಠದ ಬಗ್ಗೆ ಮಕ್ಕಳು ಕೇಳಿದರೆ ಏನು ಹೇಳ್ತೀರಿ?

ಸೀಮೆಸುಣ್ಣ:
ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಹತ್ತನೇ ಕ್ಲಾಸಿನ ಹುಡುಗಿ ಅಕ್ಕನ ಹಳೇ ಕನ್ನಡ ಪುಸ್ತಕ ತಂದಿದ್ದಳು. ಆರೆಸ್ಸೆಸ್ ಸ್ಥಾಪಕ ಹೆಡ್ಗೇವಾರ್ ಪಾಠದ ಮೇಲೆ ಪೆನ್ಸಿಲ್ಲಿನ ದೊಡ್ಡ ಇಂಟು ಮಾರ್ಕು, ಪಕ್ಕದಲ್ಲಿ ‘ಪರೀಕ್ಷೆಗಿಲ್ಲ’. ಹಾಕಿದ್ದು ಯಾರು, ತೆಗೆದದ್ದು ಯಾರು ಸಾರ್ ಅಂದಳು. ಸರ್ಕಾರ ಅಂದು ಮುಂದಿನ ಪಾಠಕ್ಕೆ ಹಾರಿದೆ. ಆಮೇಲೆ ನಾಚಿಕೆಯಾಯಿತು. ಪಕ್ಷದ ಜಗಳ ಮಾಡದೆ ಇದನ್ನ ಹೇಳಿಕೊಡೋದು ಹೇಗೆ?

ಹಳೇ ಮೇಷ್ಟ್ರು:
ನಡೆದದ್ದನ್ನ ನಡೆದ ಹಾಗೆ ಹೇಳಿ. 2022ರಲ್ಲಿ ಆಗಿನ ಬಿಜೆಪಿ ಸರ್ಕಾರದ ರೋಹಿತ್ ಚಕ್ರತೀರ್ಥ ಸಮಿತಿ ಪಠ್ಯಪುಸ್ತಕ ಪರಿಷ್ಕರಣೆ ಮಾಡಿದಾಗ ಆ ಪಾಠ ಸೇರಿತು, ಆಗ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ವಾಪಸ್ ಪಡೆದರು. 2023ರ ಜೂನ್‌ನಲ್ಲಿ ಹೊಸ ಕಾಂಗ್ರೆಸ್ ಸರ್ಕಾರ ಅದನ್ನ ಕೈಬಿಟ್ಟಿತು. ಪುಸ್ತಕ ಆಗಲೇ ಅಚ್ಚಾಗಿತ್ತು, ಅದಕ್ಕೇ ಆ ಇಂಟು ಮಾರ್ಕು. ಲೇಖಕರೇ ಪಾಠ ಬೇಡ ಅನ್ನೋದೂ ಸರ್ಕಾರ ಬೇಡ ಅನ್ನೋದೂ ಒಂದೇನಾ ಅಂತ ಕೇಳಿ ನೋಡಿ. ನನಗೆ ಒಂದು ಪಿರಿಯಡ್ ಪೂರ್ತಿ ಅದಕ್ಕೇ ಹೋಯಿತು.

ಕೊನೇ ಬೆಂಚು:
ಕೈಬಿಟ್ಟಿದ್ದೆಲ್ಲ ಸೆನ್ಸಾರ್ ಅಲ್ಲ ಮೇಷ್ಟ್ರೇ. ಯಾವ ಪುಸ್ತಕವಾದರೂ ಏನನ್ನೋ ಬಿಡಲೇಬೇಕು. ಕೇಂದ್ರದ ಪಠ್ಯಪುಸ್ತಕ ತರುವ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿಂದ ವಿಕಾಸವಾದ ತೆಗೆದಾಗ ಮಕ್ಕಳ ಹೊರೆ ಇಳಿಸುತ್ತಿದ್ದೇವೆ ಅಂದಿತು. ಸುಳ್ಳು ಅಂತ ಬೈದವರೇ ಜಾಸ್ತಿ, ಆದರೆ ಮೂಲವಸ್ತುಗಳ ಆವರ್ತ ಕೋಷ್ಟಕವೂ ಹೋಯಿತಲ್ಲ, ಅದರಲ್ಲಿ ಯಾವ ರಾಜಕೀಯ? ಕೊಟ್ಟ ಕಾರಣ ನಂಬೋ ಹಾಗಿದೆಯಾ ಅಂತ ಮಕ್ಕಳೇ ತೂಗಲಿ, ನಾವು ತೀರ್ಪು ಕೊಡೋದು ಬೇಡ.

ಮಲೆನಾಡ ಟೀಚರ್:
ದೊಡ್ಡವರದ್ದು ಬಿಡಿ, ನಮ್ಮ ಶಾಲೆಯದ್ದೇ ಕೇಳಿ. ಗೋಡೆ ಪತ್ರಿಕೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಟಾಯ್ಲೆಟ್ಟಿನಲ್ಲಿ ನೀರಿಲ್ಲ ಅಂತ ನಾಲ್ಕು ಸಾಲಿನ ಚುಟುಕ ಬರೆದಿದ್ದ. ಮಾರನೇ ದಿನ ಆ ಹಾಳೆ ಮಾಯ, ನಾಲ್ಕು ಪಿನ್ನು ಮಾತ್ರ ಇದ್ದವು. ಇನ್ಸ್‌ಪೆಕ್ಷನ್ ಇತ್ತು ನೋಡಿ. ನಾನೂ ಸುಮ್ನಿದ್ದೆ. ಅದೇ ವಾರ ಕ್ಲಾಸಿನಲ್ಲಿ ಕೇರಳದ ಬಿಜೋ ಇಮ್ಯಾನುಯೆಲ್ ಕೇಸು ಹೇಳಿದೆ. ರಾಷ್ಟ್ರಗೀತೆಗೆ ಎದ್ದು ನಿಂತರೂ, ನಮ್ಮ ಧರ್ಮದಲ್ಲಿ ಹಾಡುವ ಹಾಗಿಲ್ಲ ಅಂತ ಹಾಡದೇ ಇದ್ದ ಮೂವರು ಮಕ್ಕಳನ್ನ 1985ರಲ್ಲಿ ಶಾಲೆಯಿಂದ ತೆಗೆದರು. ಮುಂದಿನ ವರ್ಷ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಅಂದಿತು, ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ ಕೊಡುವ ಸಂವಿಧಾನದ 19 ಮತ್ತು 25ನೇ ವಿಧಿ ಹಿಡಿದು. ಎಲ್ಲಾ ಕೇಳಿಸಿಕೊಂಡ ಮೇಲೆ ಒಬ್ಬಳು ಎದ್ದು, ‘ಹಾಗಾದ್ರೆ ಆ ಚುಟುಕ ಎಲ್ಲಿ ಮಿಸ್?’ ಅಂದಳು.

ಸೀಮೆಸುಣ್ಣ:
ನಾಳೆ ಹಳೇ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಟೇಬಲ್ ಮೇಲೆ ಇಡುತ್ತೇನೆ. ಟೀಚರ್, ನೀರು ಬಂತಾ?

ಮಲೆನಾಡ ಟೀಚರ್:
ಇನ್ಸ್‌ಪೆಕ್ಷನ್ ದಿನ ಬಂದಿತ್ತು.