ಅಂಗಡಿ ಬೀದಿಗೆ ಜನ ಬರಬೇಕಾದರೆ: ನಗರ ವಿನ್ಯಾಸಕರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಪುಸ್ತಕದ ಅಂಗಡಿ): ನಮ್ಮದು ಬಡಾವಣೆಯೊಳಗಿನ ಬೀದಿ. ಎರಡೂ ಬದಿ ಸಣ್ಣ ಸಣ್ಣ ಅಂಗಡಿಗಳು, ಎಲ್ಲವೂ ಸ್ವಂತ ವ್ಯಾಪಾರ, ಚೈನ್ ಸ್ಟೋರ್ ಒಂದೂ ಇಲ್ಲ. ಈಚೆಗೆ ಓಡಾಟ ಕಡಿಮೆಯಾಗಿದೆ. ಎಲ್ಲರೂ ಸೇರಿ ಒಂದಿಷ್ಟು ದುಡ್ಡು ಹೊಂದಿಸಿದ್ದೇವೆ. ಬೀದಿಯ ಬಾಯಲ್ಲಿ ದೊಡ್ಡದೊಂದು ಕಮಾನು ಹಾಕಿಸೋಣ ಅಂತ ಹೆಚ್ಚಿನವರ ಮಾತು. ನೀವು ಇದೇ ವೃತ್ತಿಯವರು, ಏನಂತೀರಿ?

ಉತ್ತರ: ಕಮಾನು ಬೇಡ. ಈಗಂತೂ ಬೇಡವೇ ಬೇಡ. ಕಮಾನಿನ ಕೆಳಗೆ ಫೋಟೊ ತೆಗೆಸಿಕೊಳ್ಳುವವರು ಒಮ್ಮೆ ಬರುತ್ತಾರೆ. ನಿಮ್ಮ ಗಲ್ಲಾ ತುಂಬುವುದು ವಾರಕ್ಕೆ ಎರಡು ಸಲ ಬಂದು ಹೋಗುವ ಅಕ್ಕಪಕ್ಕದವರಿಂದ.

ದುಡ್ಡು ಮುಟ್ಟುವ ಮೊದಲು ಬೀದಿಯ ಆ ತುದಿಯಿಂದ ಈ ತುದಿಗೆ ಗಿರಾಕಿಯ ಹಾಗೆ ನಡೆದು ನೋಡಿ. ಹಗಲಲ್ಲಿ ಒಮ್ಮೆ, ದೀಪ ಹತ್ತಿದ ಮೇಲೆ ಇನ್ನೊಮ್ಮೆ. ಎಲ್ಲೆಲ್ಲಿ ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕುತ್ತದೋ ಅಲ್ಲಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲೊಂದು ಮುಚ್ಚಿದ ಷಟರ್ ಇರುತ್ತದೆ, ಇಲ್ಲವೇ ಉದ್ದನೆಯ ಬೋಳು ಗೋಡೆ, ಇಲ್ಲವೇ ಒಳಗಿಂದ ರಟ್ಟಿನ ಪೆಟ್ಟಿಗೆ ಪೇರಿಸಿ ಮುಚ್ಚಿಹೋದ ಗಾಜು. ಇಂಥ ಎರಡು ಜಾಗ ಒಂದರ ಪಕ್ಕ ಒಂದು ಬಂದರೆ ಸಾಕು, ಜನ ಅಲ್ಲಿಂದಲೇ ವಾಪಸ್ ತಿರುಗುತ್ತಾರೆ. ಅದರಾಚೆಗಿನ ಅಂಗಡಿ ಎಷ್ಟೇ ಚೆನ್ನಾಗಿರಲಿ, ಅಲ್ಲಿವರೆಗೆ ಯಾರೂ ಬರುವುದಿಲ್ಲ.

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಅವರ ಕೆಲಸ ಇಲ್ಲಿ ನೆನಪಾಗುತ್ತದೆ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಗೆ 1962ರಲ್ಲಿ ವಾಹನ ಬಿಡುವುದನ್ನು ನಿಲ್ಲಿಸಿದರು. ಅಲ್ಲಿ ಜನ ಹೇಗೆ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ಗೇಲ್ ವರ್ಷಗಟ್ಟಲೆ ನೋಡಿ, ಎಣಿಸಿ, ಬರೆದಿಟ್ಟರು. ಅವರ ಲೆಕ್ಕದಲ್ಲಿ ಒಳ್ಳೆಯ ಅಂಗಡಿ ಬೀದಿಯಲ್ಲಿ 100 ಮೀಟರಿಗೆ 15ರಿಂದ 20 ಬಾಗಿಲು ಇರಬೇಕು. ಅಂದರೆ ಒಂದೊಂದು ಅಂಗಡಿ ಐದಾರು ಮೀಟರ್ ಅಗಲ. ನಡೆಯುವವರಿಗೆ ನಾಲ್ಕೈದು ಸೆಕೆಂಡಿಗೊಂದು ಹೊಸದು ಕಣ್ಣಿಗೆ ಬೀಳುತ್ತದೆ. ಸಣ್ಣ ಅಂಗಡಿಗಳ ಬೀದಿಗೆ ಇದು ಪುಕ್ಕಟೆ ಸಿಕ್ಕಿರುವ ಅನುಕೂಲ. ದೊಡ್ಡ ಮಾಲ್‌ಗಳು ಇದನ್ನು ಕೋಟಿಗಟ್ಟಲೆ ಸುರಿದು ನಕಲು ಮಾಡುತ್ತವೆ.

ಕಮಾನಿಗೆ ಅಂತ ಇಟ್ಟ ದುಡ್ಡನ್ನು ಅಂಗಡಿಯ ಗಾಜಿಗೆ ಹಾಕಿ. ಪೋಸ್ಟರ್ ಕಿತ್ತು ಒರೆಸಿ. ಕಿಟಕಿಯೊಳಗೆ ಬೆಚ್ಚನೆ ಬಣ್ಣದ ದೀಪ ಹಾಕಿಸಿ, 2700ರಿಂದ 3000 ಕೆಲ್ವಿನ್ ಅಂತ ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಅದು. ಅಂಗಡಿ ಮುಚ್ಚಿದ ಮೇಲೂ ಎರಡು ಮೂರು ಗಂಟೆ ಉರಿಯುವ ಹಾಗೆ ಟೈಮರ್ ಇಡಿ. ಇಡೀ ಬೀದಿಗೆ ಇದಾದರೂ ಕಮಾನಿನಷ್ಟು ಖರ್ಚಾಗುವುದು ಅನುಮಾನ.

ಪ್ರಶ್ನೆ (ಗಡಿಯಾರ ರಿಪೇರಿ): ಕಿಟಕಿಯಲ್ಲಿ ಇಡೋಕೆ ನನ್ನ ಹತ್ತಿರ ಅಂಥ ಸಾಮಾನೇ ಇಲ್ಲ. ಏನು ತೋರಿಸಲಿ?

ಉತ್ತರ: ನಿಮ್ಮ ಕೈಯನ್ನೇ ತೋರಿಸಿ! ಕೆಲಸದ ಮೇಜನ್ನು ಒಳಗಿನ ಮೂಲೆಯಿಂದ ತಂದು ಗಾಜಿನ ಪಕ್ಕ ಹಾಕಿಕೊಳ್ಳಿ. ಮೇಜಿನ ಮೇಲೆ ಬಾಗುವ ದೀಪ, ಕಣ್ಣಿಗೆ ಮಸೂರ, ಚಿಮಟದ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಸ್ಕ್ರೂ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ, ಮಕ್ಕಳ ಜೊತೆ ಬಂದವರೂ ನಿಲ್ಲಲೇಬೇಕು. ಟೈಲರ್, ಚಪ್ಪಲಿ ಹೊಲಿಯುವವರು, ಫ್ರೇಮ್ ಹಾಕುವವರು, ಸೈಕಲ್ ರಿಪೇರಿಯವರು, ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ. ಆನ್‌ಲೈನ್ ಅಂಗಡಿಗೆ ಮಾಡಲಾಗದ ಕೆಲಸ ಇದೊಂದೇ ಅಂತ ನನಗೆ ಕೆಲವು ಸಲ ಅನಿಸುತ್ತದೆ.

ಪ್ರಶ್ನೆ (ಬಟ್ಟೆ ಅಂಗಡಿ): ನನ್ನ ಪಕ್ಕದಲ್ಲೇ ಸಾಲಾಗಿ ಮೂರು ಷಟರ್ ಮುಚ್ಚಿವೆ. ಮಾಲೀಕರು ಹೆಚ್ಚು ಬಾಡಿಗೆ ಬರಲಿ ಅಂತ ಕಾಯುತ್ತಿದ್ದಾರೆ. ಕಡಿಮೆಗೆ ಕೊಡಿ ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಉತ್ತರ: ಬಾಡಿಗೆ ಇಳಿಸಿ ಅಂತ ಕೇಳಬೇಡಿ. ಆ ಮಾತು ಎತ್ತಿದರೆ ಬಾಗಿಲು ಮುಚ್ಚಿದ ಹಾಗೆಯೇ. ಕಡಿಮೆ ಬಾಡಿಗೆಗೆ ಒಮ್ಮೆ ಕರಾರು ಬರೆದರೆ ಆಸ್ತಿಯ ಬೆಲೆಯೂ ಕಾಗದದ ಮೇಲೆ ಇಳಿಯುತ್ತದೆ. ಒಮ್ಮೆ ಕೊಟ್ಟವರನ್ನು ಎಬ್ಬಿಸುವುದೂ ಕಷ್ಟ. ಮಾಲೀಕರ ಹೆದರಿಕೆ ಸುಮ್ನೆ ಅಲ್ಲ.

ಆಸ್ಟ್ರೇಲಿಯಾದ ನ್ಯೂಕಾಸಲ್ ಊರಿನಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಅಲ್ಲಿನ ಮುಖ್ಯ ಬೀದಿಯಲ್ಲಿ ಅಂಗಡಿಗಳು ಸಾಲು ಸಾಲಾಗಿ ಖಾಲಿ ಬಿದ್ದಿದ್ದವು. 2008ರಲ್ಲಿ ಮಾರ್ಕಸ್ ವೆಸ್ಟ್‌ಬರಿ ಎಂಬವರು 'ರಿನ್ಯೂ ನ್ಯೂಕಾಸಲ್' ಅಂತ ಒಂದು ಸಂಸ್ಥೆ ಕಟ್ಟಿದರು. ಅವರು ಲೀಸ್ ಕೇಳಲೇ ಇಲ್ಲ, 30 ದಿನದ ಪರವಾನಗಿ ಕೇಳಿದರು. ತಿಂಗಳು ತಿಂಗಳು ಅದು ಮುಂದುವರಿಯುತ್ತಿತ್ತು, ನಿಜವಾದ ಬಾಡಿಗೆದಾರ ಸಿಕ್ಕಿದ ಕೂಡಲೇ ಜಾಗ ಬಿಟ್ಟುಕೊಡಬೇಕಿತ್ತು. ಕಲಾವಿದರು, ಕೈಕಸುಬಿನವರು ಆ ಜಾಗಗಳಿಗೆ ಬಂದು ಅಂಗಡಿ ತೆರೆದರು. ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಮಾಲೀಕರ ಹಕ್ಕು ಎಲ್ಲಿಗೂ ಹೋಗಲಿಲ್ಲ.

ನೀವೂ ಹಾಗೆ ಕೇಳಿ ನೋಡಿ. ಅಂಗಡಿಯವರ ಸಂಘ ಕಾಗದಕ್ಕೆ ಸಹಿ ಹಾಕಲಿ, ಸ್ವಚ್ಛತೆ ಮತ್ತು ವಿಮೆಯ ಹೊಣೆ ಹೊರಲಿ. ಕಾಗದವನ್ನು ಮಾತ್ರ ವಕೀಲರಿಂದಲೇ ಬರೆಸಿ, ಬಾಡಿಗೆ ಕಾನೂನು ಒಂದೊಂದು ಕಡೆ ಒಂದೊಂದು ಥರ. ಇಷ್ಟಕ್ಕೂ ಒಪ್ಪದಿದ್ದರೆ ಕಿಟಕಿಯನ್ನಾದರೂ ಕೇಳಿ. ಒಂದು ಮೀಟರ್ ಆಳದಷ್ಟು ಜಾಗ ಸಿಕ್ಕರೂ ಅಲ್ಲಿ ಪಕ್ಕದ ಶಾಲೆಯ ಮಕ್ಕಳ ಚಿತ್ರ ಇಡಬಹುದು, ನಿಮ್ಮದೇ ಬಟ್ಟೆ ತೂಗುಹಾಕಬಹುದು.

ಪ್ರಶ್ನೆ (ಹಾರ್ಡ್‌ವೇರ್): ಇದೆಲ್ಲ ಸರಿ. ಆದರೆ ಪಾರ್ಕಿಂಗ್ ಇಲ್ಲದಿದ್ದರೆ ಯಾರು ಬರುತ್ತಾರೆ? ನಮ್ಮ ಬೀದಿಯ ನಿಜವಾದ ಸಮಸ್ಯೆಯೇ ಅದು.

ಉತ್ತರ: ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು.

ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಒಂದು ಅಂಗಡಿ ಬೀದಿಯವರನ್ನು ಕೇಳಿದಾಗ, ತಮ್ಮ ಗಿರಾಕಿಗಳಲ್ಲಿ ಸುಮಾರು 41% ಜನ ಕಾರಿನಲ್ಲಿ ಬರುತ್ತಾರೆ ಅಂದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು 22%. ಇದನ್ನು ಸಸ್ಟ್ರಾನ್ಸ್ ಎಂಬ ಸಂಸ್ಥೆ 2006ರಲ್ಲಿ ಪ್ರಕಟಿಸಿತು. ಹೀಗಾಗಲು ಕಾರಣ ಇದೆ. ಕಾರಿನಲ್ಲಿ ಬಂದವರು ಜಾಗ ಸಿಗದೆ ಗೊಣಗುತ್ತಾರೆ, ಅದು ಕಿವಿಯಲ್ಲಿ ಉಳಿಯುತ್ತದೆ. ನಡೆದು ಬಂದವರು ಏನೂ ಹೇಳದೆ ತೆಗೆದುಕೊಂಡು ಹೋಗುತ್ತಾರೆ. ಇನ್ನೊಂದು, ಅಂಗಡಿಯವರು ತಾವೇ ಗಾಡಿಯಲ್ಲಿ ಬರುವುದರಿಂದ ಎಲ್ಲರೂ ಹಾಗೇ ಬರುತ್ತಾರೆ ಅಂದುಕೊಳ್ಳುತ್ತಾರೆ.

ನಿಮ್ಮ ಬೀದಿಯಲ್ಲೂ ಇದೇ ಲೆಕ್ಕ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಬಿಲ್ ಮಾಡುವಾಗ ಒಂದು ವಾರ ಕೇಳಿ ಬರೆದುಕೊಳ್ಳಿ: ಹೇಗೆ ಬಂದಿರಿ? ಜೊತೆಗೆ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬೀದಿಯಲ್ಲಿ ನಿಂತಿರುವ ಗಾಡಿಗಳ ನಂಬರ್ ಬರೆದಿಟ್ಟು ಮಧ್ಯಾಹ್ನ ಮತ್ತೆ ನೋಡಿ. ಅವೇ ಗಾಡಿಗಳು ಅಲ್ಲೇ ಇದ್ದರೆ ಅವು ಗಿರಾಕಿಗಳವಲ್ಲ, ನಿಮ್ಮವು ಮತ್ತು ನಿಮ್ಮ ಕೆಲಸದವರವು. ಅವನ್ನು ಸ್ವಲ್ಪ ದೂರ ನಿಲ್ಲಿಸಿದರೆ ಅದೇ ದಿನ ಜಾಗ ಸಿಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಈ ಮಾತಿಗೆ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಷ್ಟೆ.

ಪ್ರತಿಕ್ರಿಯೆ (ಹಾರ್ಡ್‌ವೇರ್): ನಾನು ಒಪ್ಪುವುದಿಲ್ಲ. ಪೇಂಟ್ ಡಬ್ಬ, ಪೈಪು ಹೊತ್ತುಕೊಂಡು ಯಾರು ನಡೆದು ಹೋಗುತ್ತಾರೆ? ವಯಸ್ಸಾದವರು?

ಉತ್ತರ: ನಿಮ್ಮ ವ್ಯಾಪಾರದ ಮಟ್ಟಿಗೆ ನೀವು ಹೇಳುವುದು ಸರಿ. ನಿಮ್ಮ ಅಂಗಡಿ ಮುಂದೆ ಹದಿನೈದು ನಿಮಿಷದ ಲೋಡಿಂಗ್ ಜಾಗ ಇರಲೇಬೇಕು, ನಡೆಯಲಾಗದವರಿಗೂ ಹತ್ತಿರದಲ್ಲೇ ಜಾಗ ಬೇಕು. ಅವರಿಗೆ ಅದು ಸಿಗಬೇಕಾದರೇ ದಿನವಿಡೀ ನಿಲ್ಲುವ ಗಾಡಿಗಳು ಅಲ್ಲಿಂದ ಹೋಗಬೇಕು.

ಶುಲ್ಕ ಹಾಕುವುದೂ ಒಂದು ದಾರಿ, ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಮುಖ್ಯ. ಅಮೆರಿಕದ ಓಲ್ಡ್ ಪ್ಯಾಸಡೀನಾದಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕುವಾಗ ವ್ಯಾಪಾರಿಗಳು ಮೊದಲು ವಿರೋಧಿಸಿದರು. ಬಂದ ದುಡ್ಡನ್ನು ಅದೇ ಬೀದಿಗಳ ಫುಟ್‌ಪಾತ್, ದೀಪ, ಕಸ ಗುಡಿಸುವುದಕ್ಕೆ ಕೊಡುತ್ತೇವೆ ಅಂದ ಮೇಲೆ ಒಪ್ಪಿಕೊಂಡರು. ನಗರದ ಖಜಾನೆಗೆ ಹೋಗಿ ಕರಗುವ ಶುಲ್ಕವಾದರೆ ನಾನೂ ನಿಮ್ಮ ಕಡೆಯೇ.

ಪ್ರಶ್ನೆ (ಔಷಧಿ ಅಂಗಡಿ): ಎಲ್ಲರೂ ಒಂದೇ ಬಣ್ಣದ, ಒಂದೇ ಅಳತೆಯ ಬೋರ್ಡ್ ಹಾಕಿದರೆ ಚೆಂದ ಕಾಣಲ್ವಾ?

ಉತ್ತರ: ಆಫೀಸ್ ಕಾರಿಡಾರ್ ಥರ ಕಾಣುತ್ತದೆ. ಅಳತೆಗೊಂದು ಮಿತಿ ಇರಲಿ, ಪಕ್ಕದವರ ಬೋರ್ಡನ್ನು ಮರೆಮಾಡದಿರಲಿ, ಮಿಣುಕು ದೀಪ ಬೇಡ. ಬಣ್ಣ, ಅಕ್ಷರ, ತಮಾಷೆ ಅವರವರಿಗೆ ಬಿಟ್ಟದ್ದು. ಒಬ್ಬೊಬ್ಬರ ರುಚಿ ಒಂದೊಂದು ಥರ ಕಾಣಲಿ ಅಂತಲೇ ಜನ ಇಂಥ ಬೀದಿಗೆ ಬರುವುದು.

ಪ್ರಶ್ನೆ (ಗಿಡಗಳ ಅಂಗಡಿ): ಗಿಡಗಳನ್ನು ಫುಟ್‌ಪಾತಿನಲ್ಲಿ ಇಟ್ಟರೆ ಬೀದಿಗೇ ಕಳೆ. ಇಡಬಹುದಾ?

ಉತ್ತರ: ಸ್ಥಳೀಯ ನಿಯಮ ಒಪ್ಪಿದರೆ ಇಡಿ. ಇಟ್ಟ ಮೇಲೂ ನಡೆಯೋಕೆ 1.8 ಮೀಟರ್ ಉಳಿಯಬೇಕು, ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟುವಷ್ಟು. ಗೋಡೆಗೆ ಅಂಟಿಸಿ ಇಡಿ, ರಸ್ತೆಯ ಅಂಚಿನಲ್ಲಿ ಬೇಡ. ಒಂದು ಬೆಂಚನ್ನೂ ಹಾಕಿ. ಜೊತೆಗೆ ಬಂದು ಕಾಯುವವರಿಗೆ ಕೂರಲು ಜಾಗ ಸಿಕ್ಕರೆ, ಕೊಳ್ಳುವವರಿಗೂ ಅವಸರ ಇರುವುದಿಲ್ಲ.

ಪ್ರಶ್ನೆ (ಬಟ್ಟೆ ಅಂಗಡಿ): ಇನ್ನೊಂದು ಕೇಳಲಾ? ಬೀದಿ ಚೆನ್ನಾದರೆ ಬಾಡಿಗೆ ಏರುತ್ತದೆ. ನಾವು ದುಡಿದು ಚೆಂದ ಮಾಡಿದ್ದಕ್ಕೆ ನಾವೇ ಖಾಲಿ ಮಾಡಬೇಕಾಗುತ್ತದೆ, ಅಲ್ವಾ?

ಉತ್ತರ: ಹೌದು, ಇದು ನಿಜವಾದ ಅಪಾಯ. ಬಣ್ಣ, ದೀಪದಲ್ಲಿ ಇದಕ್ಕೆ ಮದ್ದಿಲ್ಲ. ಕರಾರು ನವೀಕರಿಸುವ ಕೆಲಸ ಇದ್ದರೆ ಬೀದಿ ಇನ್ನೂ ಮಂಕಾಗಿರುವಾಗಲೇ ಮಾಡಿಕೊಳ್ಳಿ. ಅವಧಿ ಉದ್ದ ಇರಲಿ, ವರ್ಷಕ್ಕೆ ಎಷ್ಟು ಏರಬಹುದು ಅನ್ನುವುದು ಅದರಲ್ಲೇ ಬರೆದಿರಲಿ. ಮಾಲೀಕರಿಗೂ ಈಗ ಗಟ್ಟಿ ಬಾಡಿಗೆದಾರರು ಬೇಕಾಗಿದ್ದಾರೆ. ಎರಡು ವರ್ಷ ಬಿಟ್ಟು ಕೇಳಿದರೆ ನಿಮ್ಮ ಮಾತಿಗೆ ಈಗಿನ ಬೆಲೆ ಇರುವುದಿಲ್ಲ.

ಸರ್ಕಾರವೂ ಕೈಹಾಕಬಹುದು. ಪ್ಯಾರಿಸ್ ನಗರ 2004ರಿಂದ ಒಂದು ಯೋಜನೆ ನಡೆಸಿತು. ಸೊರಗುತ್ತಿದ್ದ ಬಡಾವಣೆಗಳಲ್ಲಿ ನೆಲಮಹಡಿ ಮಳಿಗೆ ಮಾರಾಟಕ್ಕೆ ಬಂದರೆ ಮೊದಲು ಕೊಳ್ಳುವ ಹಕ್ಕನ್ನು ಬಳಸಿ ತಾನೇ ಕೊಂಡು, ಸಣ್ಣ ಸ್ವಂತ ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟಿತು. ಅದಕ್ಕೆ ಬೇಕಾದ ಕಾನೂನು ಎಲ್ಲ ಕಡೆ ಇಲ್ಲ. ನಾಲ್ಕೈದು ವ್ಯಾಪಾರಿಗಳು ಸೇರಿ ಒಂದು ಕಟ್ಟಡ ಕೊಳ್ಳುವುದು ಎಲ್ಲ ಕಡೆ ಸಾಧ್ಯ. ಕಷ್ಟ, ಆದರೆ ಸಾಧ್ಯ.

ಪ್ರಶ್ನೆ (ಪುಸ್ತಕದ ಅಂಗಡಿ): ಕೊನೆಯದಾಗಿ, ನಮ್ಮಲ್ಲಿ ಅರ್ಧ ಜನ ದುಡ್ಡು ಕೊಡುತ್ತಾರೆ, ಉಳಿದರ್ಧ ಸುಮ್ನೆ ಲಾಭ ತೆಗೆದುಕೊಳ್ಳುತ್ತಾರೆ. ಎಷ್ಟು ದಿನ ಹೀಗೆ ನಡೆಸೋದು?

ಉತ್ತರ: ಇದೇ ಜಗಳದಿಂದ ಒಂದು ಹೊಸ ಕಾನೂನೇ ಹುಟ್ಟಿದೆ. ಕೆನಡಾದ ಟೊರಾಂಟೊದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಅಂತ ಒಂದು ಅಂಗಡಿ ಬೀದಿ. ಹತ್ತಿರದಲ್ಲಿ ಮಾಲ್‌ಗಳು ಬಂದು ವ್ಯಾಪಾರ ಬಿದ್ದಾಗ, ಅಲ್ಲಿನವರು ಎಲ್ಲರಿಂದಲೂ ಕಡ್ಡಾಯವಾಗಿ ಸಣ್ಣ ವಂತಿಗೆ ಕಟ್ಟಿಸಿಕೊಳ್ಳುವ ಅಧಿಕಾರ ಕೇಳಿದರು. 1970ರಲ್ಲಿ ಸಿಕ್ಕಿತು. ನಗರವೇ ವಸೂಲಿ ಮಾಡಿ ಸಂಘಕ್ಕೆ ಕೊಡುತ್ತದೆ, ಹೇಗೆ ಖರ್ಚು ಮಾಡಬೇಕು ಅನ್ನುವುದು ಅಂಗಡಿಯವರ ಕೈಯಲ್ಲಿ. ಇಂಥ ವ್ಯವಸ್ಥೆ ಜಗತ್ತಿನಲ್ಲೇ ಅದು ಮೊದಲು. ಆಮೇಲೆ ಎಷ್ಟೋ ದೇಶಗಳು ಇದನ್ನು ತೆಗೆದುಕೊಂಡವು.

ನಿಮ್ಮಲ್ಲಿ ಆ ಕಾನೂನು ಇಲ್ಲದಿದ್ದರೆ, ಇರುವ ಅರ್ಧ ಜನರ ದುಡ್ಡಿನಲ್ಲೇ ಶುರು ಮಾಡಿ. ಆ ದುಡ್ಡಿನ ಮೊದಲ ಭಾಗ ದಿನಕ್ಕೆ ಕೆಲವು ಗಂಟೆಯಾದರೂ ಸಂಬಳಕ್ಕೆ ದುಡಿಯುವ ಒಬ್ಬರಿಗೆ ಹೋಗಲಿ. ಕೆಟ್ಟ ದೀಪ, ತುಂಬಿದ ಕಸದ ಬುಟ್ಟಿ, ಮುಚ್ಚಿದ ಷಟರಿನ ಮಾಲೀಕರಿಗೆ ಫೋನ್, ವಾರದಲ್ಲಿ ಒಂದು ಸಂಜೆ ಎಲ್ಲರೂ ಒಂದೇ ಹೊತ್ತಿನವರೆಗೆ ಬಾಗಿಲು ತೆರೆದಿರುವ ಹಾಗೆ ನೋಡಿಕೊಳ್ಳುವುದು, ಇವೆಲ್ಲ ಅವರ ಕೆಲಸ. ಗಲ್ಲಾ ಬಿಟ್ಟು ಏಳಲಾಗದ ಅಂಗಡಿಯವರೇ ಸರದಿಯ ಮೇಲೆ ಮಾಡುತ್ತೇವೆ ಅಂದುಕೊಂಡ ಕಡೆ ಇದು ಮೂರನೇ ತಿಂಗಳಿಗೆ ನಿಂತುಹೋಗುತ್ತದೆ.

ಪ್ರತಿಕ್ರಿಯೆ (ಪುಸ್ತಕದ ಅಂಗಡಿ): ಹಾಗಾದರೆ ಕಮಾನು?

ಉತ್ತರ: ಮೂರು ಷಟರ್ ತೆರೆದ ಮೇಲೆ ಕೇಳಿ.